ಮೂಲಕ್ಕೆ ಮರ್ಯಾದೆ, ಅನುವಾದಕ್ಕೆ ಜೈಲು

1888ರ ಅಕ್ಟೋಬರ್ 31. ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಸಾಲಿಸಿಟರ್ ಜನರಲ್ ಸರ್ ಎಡ್ವರ್ಡ್ ಕ್ಲಾರ್ಕ್ ಒಂದು ಕಾದಂಬರಿ ಹಿಡಿದುಕೊಂಡು ಗಟ್ಟಿಯಾಗಿ ಓದತೊಡಗಿದ. ಎಮಿಲ್ ಜೋಲಾ ಫ್ರೆಂಚಿನಲ್ಲಿ ಬರೆದ ‘ಲಾ ತೇರ್’ ಕಾದಂಬರಿಯ ಇಂಗ್ಲಿಷ್ ಅನುವಾದ ಅದು. ಸ್ವಲ್ಪ ಹೊತ್ತಿಗೇ ಜ್ಯೂರಿಯಲ್ಲಿ ಕೂತಿದ್ದವನೊಬ್ಬನಿಗೆ ತಡೆಯಲಾಗಲಿಲ್ಲ. ಇದನ್ನೆಲ್ಲ ಓದಲೇಬೇಕೇ ಎಂದು ಕೇಳಿದ. ಆರೋಪಿಯ ವಕೀಲರಿಗೆ ಅಷ್ಟೇ ಸಾಕಾಯಿತು. ಜ್ಯೂರಿಯ ಮುಖಗಳಲ್ಲೇ ತೀರ್ಪು ಕಾಣುತ್ತಿತ್ತು. ತಪ್ಪು ಮಾಡಿಲ್ಲ ಎಂದು ಅದುವರೆಗೆ ಹೇಳಿದ್ದ ಆರೋಪಿ ತಪ್ಪೊಪ್ಪಿಕೊಂಡ. ಆರೋಪಿ ಎಂದರೆ ಜೋಲಾ ಅಲ್ಲ, ಅನುವಾದಿಸಿದವರೂ ಅಲ್ಲ. ಪುಸ್ತಕ ಅಚ್ಚು ಹಾಕಿಸಿದ ಹೆನ್ರಿ ವಿಜೆಟೆಲಿ ಎಂಬ 68ರ ಮುದುಕ. 100 ಪೌಂಡ್ ದಂಡ, ಒಂದು ವರ್ಷ ನೆಟ್ಟಗೆ ನಡೆದುಕೊಳ್ಳುತ್ತೇನೆಂದು 200 ಪೌಂಡಿನ ಮುಚ್ಚಳಿಕೆ.

ಅಶ್ಲೀಲ ಪುಸ್ತಕ, ಕೋರ್ಟು, ದಂಡ: ಇಂಥ ಪ್ರಕರಣಗಳು ಎಲ್ಲ ದೇಶದಲ್ಲೂ ಉಂಟು. ಇದರ ವಿಶೇಷ ಬೇರೆ ಇದೆ. ಅದೇ ಕಾದಂಬರಿಯ ಫ್ರೆಂಚ್ ಪ್ರತಿ ಅದೇ ಲಂಡನ್ನಿನಲ್ಲಿ ದುಡ್ಡಿದ್ದವರಿಗೆ, ಫ್ರೆಂಚ್ ಬಲ್ಲವರಿಗೆ ಸಿಗುತ್ತಿತ್ತು. ಅದನ್ನು ಮಾರಿದವರ ಮೇಲೆ ಯಾರೂ ಕೇಸು ಹಾಕಲಿಲ್ಲ. ಒಂದೇ ಕತೆ, ಒಂದೇ ಪಾತ್ರಗಳು, ಒಂದೇ ಘಟನೆಗಳು. ಫ್ರೆಂಚಿನಲ್ಲಿದ್ದಾಗ ಸಾಹಿತ್ಯ; ಇಂಗ್ಲಿಷಿಗೆ ಬಂದ ಮರುಗಳಿಗೆ ಅಪರಾಧ.

ಕತೆಯಾದರೂ ಏನು? ಫುವಾನ್ ಎಂಬ ಮುದಿ ರೈತ ಕೈಲಾಗದ ಕಾಲಕ್ಕೆ ಜಮೀನನ್ನು ಮೂವರು ಮಕ್ಕಳಿಗೆ ಪಾಲು ಮಾಡಿಕೊಟ್ಟು, ಆಮೇಲೆ ಅವರ ಬಾಗಿಲುಗಳಲ್ಲಿ ಅಲೆಯುತ್ತಾನೆ. ನೆಲದ ಆಸೆಗೆ ಅಣ್ಣತಮ್ಮ, ಅಕ್ಕತಂಗಿ, ಗಂಡಹೆಂಡತಿ ಒಬ್ಬರನ್ನೊಬ್ಬರು ತಿನ್ನುತ್ತಾರೆ. ಕೋಲಾರ ಜಿಲ್ಲೆಯ ಯಾವುದೇ ಹಳ್ಳಿಯ ಅರಳಿಕಟ್ಟೆಯ ಮೇಲೆ ಇದನ್ನು ಹೇಳಿ ನೋಡಿ, ಕೇಳುವವರು ಊರಿನ ನಾಲ್ಕು ಮನೆಗಳತ್ತ ಬೆರಳು ತೋರಿಸಿಯಾರು. ಪುಸ್ತಕದ ಆರಂಭದಲ್ಲೇ ಬೆದೆಗೆ ಬಂದ ಹಸುವನ್ನು ಹುಡುಗಿಯೊಬ್ಬಳು ಹೋರಿಯ ಹತ್ತಿರ ಹೊಡೆದುಕೊಂಡು ಹೋಗುವ ದೃಶ್ಯವಿದೆ. ರೇಷ್ಮೆ, ಹಾಲು ಎರಡನ್ನೇ ನಂಬಿದ ನಮ್ಮ ಸೀಮೆಯಲ್ಲಿ ಹಸು ಕಟ್ಟಿದ ಪ್ರತಿ ಮನೆಯ ಹೆಂಗಸಿಗೂ ಅದು ಮಾಮೂಲಿ ಕೆಲಸ. ವಿಕ್ಟೋರಿಯಾ ರಾಣಿಯ ಕಾಲದ ಪೇಟೆಯ ಗೃಹಸ್ಥರಿಗೆ ಮಾತ್ರ ಅದು ಕಿವಿ ಮುಚ್ಚಿಕೊಳ್ಳಬೇಕಾದ ಸಂಗತಿ.

ಮುಳಬಾಗಿಲು ದಾಟಿ ಪಲಮನೇರಿನ ಕಡೆ ಹೋಗುವ ಹಳೇ ಮದ್ರಾಸ್ ರಸ್ತೆಯಲ್ಲಿ ನಂಗಲಿ ಇದೆ. ಹೊಯ್ಸಳ ವಿಷ್ಣುವರ್ಧನ ತಾನು ಗೆದ್ದ ಊರು, ನಾಡುಗಳ ಪಟ್ಟಿಯಲ್ಲಿ ತಲಕಾಡು, ಕೊಂಗುಗಳ ಜತೆಗೆ ನಂಗಲಿಯನ್ನೂ ಬಿರುದಾಗಿ ಧರಿಸಿದ್ದ. ಅವನ ರಾಜ್ಯದ ಮೂಡಣ ಗಡಿ ಈ ನಂಗಲಿಯ ಘಟ್ಟ. ಆಮೇಲೆ ಮೈಸೂರು ಸಂಸ್ಥಾನಕ್ಕೂ ಮದ್ರಾಸ್ ಪ್ರೆಸಿಡೆನ್ಸಿಗೂ, ಈಗ ಕರ್ನಾಟಕಕ್ಕೂ ಆಂಧ್ರಕ್ಕೂ ಇಲ್ಲೇ ಗಡಿ. ಲಾರಿಗಳನ್ನು ತಡೆಯಲು ಚೆಕ್‌ಪೋಸ್ಟ್ ಉಂಟು, ಮಾತನ್ನು ತಡೆಯಲು ಏನೂ ಇಲ್ಲ. ಈ ಕಡೆಯ ಮನೆಗಳಲ್ಲಿ ಅಡುಗೆಮನೆಯ ಮಾತು ತೆಲುಗು, ಸ್ಕೂಲಿನ ಮಾತು ಕನ್ನಡ. ಬಯ್ಗುಳ ಎರಡರಲ್ಲೂ. ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ತತ್ತ್ವ ಹಾಡಿದರು. ಯಾವುದು ಯಾವ ಭಾಷೆಯದೆಂದು ಭಜನೆ ಮಾಡುವವರು ಇಂದಿಗೂ ಲೆಕ್ಕವಿಟ್ಟಿಲ್ಲ. ಇಲ್ಲಿಂದ ನೋಡಿದವರಿಗೆ, ಒಂದು ಪುಸ್ತಕ ಭಾಷೆಯ ಗಡಿ ದಾಟಿದ್ದಕ್ಕೇ ಜೈಲಾಯಿತು ಅನ್ನುವುದು ವಿಚಿತ್ರವಾಗಿ ಕಾಣುತ್ತದೆ. ಹಾಗೆಂದು ನಮಗೂ ಅದಕ್ಕೂ ಸಂಬಂಧವಿಲ್ಲ ಎನ್ನುವಂತಿಲ್ಲ. ವಿಜೆಟೆಲಿಯನ್ನು ಹಿಡಿದಂಥದೇ ಕಾನೂನು ಮದ್ರಾಸಿನಲ್ಲೂ ಇತ್ತು, ಅದು ನಂಜನಗೂಡಿನಲ್ಲಿ ಹುಟ್ಟಿದ ಒಬ್ಬ ಕನ್ನಡತಿಯ ಪುಸ್ತಕವನ್ನೂ ಹಿಡಿಯಿತು. ಅಲ್ಲಿಗೆ ಬರುವ ಮುಂಚೆ ಲಂಡನ್ನಿನ ಕತೆಯನ್ನೇ ಇನ್ನಷ್ಟು ಹೇಳಬೇಕು.

ಮ್ಯೂಡಿಯ ಜರಡಿ

ಇಂಗ್ಲೆಂಡಿನಲ್ಲಿ ಆಗ ಕಾದಂಬರಿ ಎಂದರೆ ಮೂರು ಸಂಪುಟ. ಬೆಲೆ ಒಂದೂವರೆ ಗಿನಿ, ಅಂದರೆ 31 ಶಿಲಿಂಗ್ 6 ಪೆನ್ಸ್. ಕೂಲಿಯವನ ವಾರದ ಸಂಬಳ ಅಷ್ಟಿರಲಿಲ್ಲ. ಆದ್ದರಿಂದ ಕೊಳ್ಳುತ್ತಿದ್ದವರು ಕಡಿಮೆ, ಬಾಡಿಗೆಗೆ ತಂದು ಓದುತ್ತಿದ್ದವರೇ ಹೆಚ್ಚು. ಚಾರ್ಲ್ಸ್ ಎಡ್ವರ್ಡ್ ಮ್ಯೂಡಿ 1842ರಲ್ಲಿ ತೆರೆದ ಲೈಬ್ರರಿಗೆ ವರ್ಷಕ್ಕೊಂದು ಗಿನಿ ಕಟ್ಟಿದರೆ ಒಂದಾದ ಮೇಲೊಂದು ಸಂಪುಟ ಮನೆಗೆ ಬರುತ್ತಿತ್ತು. ಪ್ರಕಾಶಕರು ಪುಸ್ತಕ ಅಚ್ಚು ಹಾಕುತ್ತಿದ್ದುದೇ ಮ್ಯೂಡಿ ಎಷ್ಟು ಪ್ರತಿ ಕೊಳ್ಳುತ್ತಾನೆಂದು ನೋಡಿಕೊಂಡು. ಅವನು ಒಲ್ಲೆ ಎಂದರೆ ಪುಸ್ತಕ ಸತ್ತ ಹಾಗೆ. ಮನೆಮಂದಿಯ ನಡುವೆ, ಮದುವೆಯಾಗದ ಹೆಣ್ಣುಮಕ್ಕಳ ಎದುರಿಗೆ ಗಟ್ಟಿಯಾಗಿ ಓದಬಹುದಾದದ್ದೇ ಒಳ್ಳೆಯ ಕಾದಂಬರಿ ಎಂಬುದು ಅವನ ಲೈಬ್ರರಿಯ ಅಲಿಖಿತ ನಿಯಮ. ಪೊಲೀಸರಿಲ್ಲ, ಕಾನೂನಿಲ್ಲ, ಆದರೂ ಇಷ್ಟು ಬಿಗಿಯಾದ ಸೆನ್ಸಾರ್ ಆಗಿನ ಕಾಲಕ್ಕೆ ಇನ್ನೊಂದಿರಲಾರದು. ಅದೂ ಅಂಗಡಿಯ ಲೆಕ್ಕದಲ್ಲೇ ನಡೆದುಹೋಗುತ್ತಿತ್ತು.

ಐರ್ಲೆಂಡಿನ ಲೇಖಕ ಜಾರ್ಜ್ ಮೂರ್ ಈ ಜರಡಿಯಲ್ಲಿ ಸಿಕ್ಕಿಬಿದ್ದ. ಅವನ ಮೊದಲ ಕಾದಂಬರಿಯನ್ನು ಮ್ಯೂಡಿ ಮೂಲೆಗೆ ತಳ್ಳಿದ. ಕಾರಣ ಕೇಳಿದರೆ, ಹಳ್ಳಿಗಾಡಿನ ಇಬ್ಬರು ಹೆಂಗಸರು ಆಕ್ಷೇಪಿಸಿ ಕಾಗದ ಬರೆದರು ಎಂಬ ಉತ್ತರ. ಇಬ್ಬರ ಕಾಗದಕ್ಕೆ ಒಂದು ಪುಸ್ತಕದ ಗತಿ ಮುಗಿಯಿತು. (ಇಂದು ಕಾಗದದ ಬದಲು ಮೊಬೈಲ್ ಬಂದಿದೆ, ಇಬ್ಬರ ಬದಲು ಇನ್ನೂರು ಜನ, ಲೆಕ್ಕಾಚಾರ ಅದೇ.) ಮೂರ್ ಸುಮ್ಮನೆ ಕೂರಲಿಲ್ಲ. 1885ರಲ್ಲಿ ಮ್ಯೂಡಿಯನ್ನು ಗೇಲಿ ಮಾಡಿ ‘ಲಿಟರೇಚರ್ ಅಟ್ ನರ್ಸ್’ ಎಂಬ ಕಿರುಹೊತ್ತಿಗೆ ಬರೆದ. ಅದನ್ನು ಪ್ರಕಟಿಸಿದವನು ಹೆನ್ರಿ ವಿಜೆಟೆಲಿ.

ವಿಜೆಟೆಲಿ ಚಿತ್ರ ಕೊರೆಯುವ ಕಸುಬಿನಿಂದ ಬಂದವನು, ಪತ್ರಿಕೆ ನಡೆಸಿದವನು, ಬಹಳ ಕಾಲ ಪ್ಯಾರಿಸ್ಸಿನಲ್ಲಿ ವರದಿಗಾರನಾಗಿದ್ದವನು. ಮುಪ್ಪಿನಲ್ಲಿ ಪ್ರಕಾಶನ ಶುರುಮಾಡಿ, ಮ್ಯೂಡಿಯ ದಾರಿ ಬಿಟ್ಟು ಒಂದೇ ಸಂಪುಟದ, ಕಡಿಮೆ ಬೆಲೆಯ ಪುಸ್ತಕಗಳನ್ನು ನೇರವಾಗಿ ಓದುಗರಿಗೆ ಮಾರಿದ. ಜೋಲಾ, ಮೊಪಾಸಾ, ದೋದೆ ಎಲ್ಲರೂ ಬಂದರು. ದಾಸ್ತಯೇವ್‌ಸ್ಕಿ, ಟಾಲ್‌ಸ್ಟಾಯ್ ಬಂದರು. 1886ರಲ್ಲಿ ಫ್ಲೋಬೇರನ ‘ಮದಾಮ್ ಬೊವಾರಿ’ಯನ್ನು ಇಂಗ್ಲಿಷಿಗೆ ತಂದವಳು ಕಾರ್ಲ್ ಮಾರ್ಕ್ಸ್‌ನ ಮಗಳು ಎಲಿನರ್. ಆ ಕಾದಂಬರಿಗೆ ಫ್ರಾನ್ಸೂ ಮೊದಲಿಗೆ ಹೂಮಾಲೆ ಹಾಕಿರಲಿಲ್ಲ. 1857ರಲ್ಲಿ ಪ್ಯಾರಿಸ್ಸಿನ ಕೋರ್ಟು ಫ್ಲೋಬೇರನನ್ನು ವಿಚಾರಣೆಗೆ ನಿಲ್ಲಿಸಿ ಬಿಟ್ಟುಬಿಟ್ಟಿತ್ತು. ಅದೇ ವರ್ಷ ಅದೇ ಸರ್ಕಾರಿ ವಕೀಲ ಎರ್ನೆಸ್ಟ್ ಪಿನಾರ್, ಕವಿ ಬೋದಿಲೇರನಿಗೆ ದಂಡ ಹಾಕಿಸುವುದರಲ್ಲಿ ಗೆದ್ದಿದ್ದ.

ಇಂಗ್ಲೆಂಡಿನ ಅಶ್ಲೀಲ ಪುಸ್ತಕಗಳ ಕಾನೂನು ಬಂದದ್ದೂ 1857ರಲ್ಲೇ. ಮಸೂದೆ ತಂದ ಲಾರ್ಡ್ ಕ್ಯಾಂಪ್‌ಬೆಲ್ ಸಂಸತ್ತಿನಲ್ಲಿ ಕಿರಿಯ ಡ್ಯೂಮಾನ ‘ಕ್ಯಾಮಿಲಿಯಾ ಹೂಗಳ ಹೆಣ್ಣು’ ಪುಸ್ತಕವನ್ನು ಎತ್ತಿ ಹಿಡಿದು, ಇಂಥದ್ದನ್ನು ಕಂಡರೆ ಅಸಹ್ಯ, ಆದರೆ ನನ್ನ ಕಾನೂನು ಇದರ ತಂಟೆಗೆ ಹೋಗುವುದಿಲ್ಲ ಎಂದು ಭರವಸೆ ಕೊಟ್ಟ. ಗಲ್ಲಿಯ ಕೊಳಕು ಚಿತ್ರ, ಕೊಳಕು ಪುಸ್ತಕಗಳಿಗಷ್ಟೇ ಇದು ಎಂದ. ಹನ್ನೊಂದೇ ವರ್ಷ. 1868ರಲ್ಲಿ ಹಿಕ್ಲಿನ್ ಪ್ರಕರಣದಲ್ಲಿ ಮುಖ್ಯ ನ್ಯಾಯಾಧೀಶ ಕಾಕ್‌ಬರ್ನ್ ಹೊಸ ಅಳತೆಗೋಲು ಕೊಟ್ಟ: ಕೆಡಲು ಸುಲಭವಾದ ಮನಸ್ಸಿನವರ ಕೈಗೆ ಸಿಕ್ಕಿದರೆ ಈ ಬರಹ ಅವರನ್ನು ಕೆಡಿಸೀತೇ? ಕೆಡಿಸುವಂತಿದ್ದರೆ ಅದು ಅಶ್ಲೀಲ. ಬರೆದವನ ಉದ್ದೇಶ ಏನೇ ಇರಲಿ, ಪುಸ್ತಕದ ಉಳಿದ ಭಾಗ ಹೇಗೇ ಇರಲಿ, ಲೆಕ್ಕಕ್ಕಿಲ್ಲ.

ಈ ಅಳತೆಗೋಲಿನೊಳಗೆ ಇಡೀ ಕತೆ ಅಡಗಿದೆ. ಪುಸ್ತಕ ಯಾರ ಕೈಗೆ ಸೇರಬಹುದು ಎಂಬುದೇ ಅಪರಾಧವನ್ನು ತೀರ್ಮಾನಿಸುವುದಾದರೆ, ಬೆಲೆ ಮತ್ತು ಭಾಷೆ ಎರಡೂ ಸಾಕ್ಷಿಗಳಾಗುತ್ತವೆ. ಫ್ರೆಂಚ್ ಓದುವವನು ಓದಿದ ಮನೆತನದವನು, ಅವನು ಕೆಡುವುದಿಲ್ಲ. ಕೆಟ್ಟರೂ ಅದು ಅವನ ಖಾಸಗಿ ವಿಷಯ. ಇಂಗ್ಲಿಷಿನ ಅಗ್ಗದ ಪ್ರತಿ ಓದುವವರು ಮನೆಗೆಲಸದ ಹುಡುಗಿ, ಗುಮಾಸ್ತ, ಗಿರಣಿಯ ಆಳು. 1870ರ ಶಿಕ್ಷಣ ಕಾಯ್ದೆಯ ನಂತರ ಇಂಥವರ ಮಕ್ಕಳೆಲ್ಲ ಅಕ್ಷರ ಕಲಿತಿದ್ದರು. ಅಕ್ಷರ ಕಲಿಸಿದ ಮೇಲೆ ಅವರು ಏನು ಓದುತ್ತಾರೋ ಎಂಬ ಹೆದರಿಕೆ ಕಲಿಸಿದವರಿಗೇ ಹುಟ್ಟಿಕೊಂಡಿತು.

ಕತ್ತರಿ ಹಿಡಿದ ಪ್ರಧಾನಿ

1888ರ ಮೇ 8ರಂದು ಸಂಸತ್ತಿನ ಸದಸ್ಯ ಸ್ಯಾಮ್ಯುಯಲ್ ಸ್ಮಿತ್ ಕೆಟ್ಟ ಸಾಹಿತ್ಯದ ಹಾವಳಿಯ ಬಗ್ಗೆ ನಿರ್ಣಯ ಮಂಡಿಸಿದ. ಲಿವರ್‌ಪೂಲಿನ ಹತ್ತಿ ವ್ಯಾಪಾರಿ. ಹಿಂದೂಸ್ತಾನಕ್ಕೂ ಬಂದುಹೋಗಿ ಪುಸ್ತಕ ಬರೆದವನು, ನಮ್ಮ ಕಾಂಗ್ರೆಸ್ಸಿನ ಬಗ್ಗೆ ಒಲವಿದ್ದವನು. ಕೆಟ್ಟ ಮನುಷ್ಯನಲ್ಲ. ಆದರೆ ಫ್ರಾನ್ಸ್ ಇಂಥ ಸಾಹಿತ್ಯದಿಂದಲೇ ಹಾಳಾಗುತ್ತಿದೆ, ಆ ರೋಗ ಇಲ್ಲಿಗೂ ಹರಡಿದೆ ಎಂದು ಅವನು ಖಂಡಿತವಾಗಿ ನಂಬಿದ್ದ. ತನ್ನ ಜೋಲಾ ಪುಸ್ತಕಗಳು ಭರ್ಜರಿಯಾಗಿ ಮಾರಾಟವಾಗುತ್ತಿವೆ ಎಂದು ವಿಜೆಟೆಲಿ ಪತ್ರಿಕೆಯೊಂದಕ್ಕೆ ಹೇಳಿಕೊಂಡಿದ್ದ ಮಾತನ್ನೇ ಸ್ಮಿತ್ ಅವನ ಮೇಲೆ ಬೀಸಿದ. ಪ್ರಕಾಶಕರು ಮಾರಾಟದ ಲೆಕ್ಕ ಹೇಳಿಕೊಂಡು ಕೆಟ್ಟದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. 1885ರಲ್ಲಿ ಹುಟ್ಟಿದ್ದ ನ್ಯಾಷನಲ್ ವಿಜಿಲೆನ್ಸ್ ಅಸೋಸಿಯೇಷನ್ ಎಂಬ ನೀತಿಕಾವಲು ಸಂಘ ಕೇಸು ಹಾಕಿತು; ಸರ್ಕಾರ ಅದನ್ನು ಆಮೇಲೆ ತನ್ನ ಕೈಗೆ ತೆಗೆದುಕೊಂಡಿತು.

ವಿಜೆಟೆಲಿ ಒಂದು ಜಾಣತನದ ಕೆಲಸ ಮಾಡಿದ್ದ. ಷೇಕ್ಸ್‌ಪಿಯರ್‌ನಿಂದ ಹಿಡಿದು ಇಂಗ್ಲಿಷಿನ ದೊಡ್ಡ ದೊಡ್ಡ ಲೇಖಕರ ಪುಸ್ತಕಗಳಿಂದ ‘ಆಕ್ಷೇಪಾರ್ಹ’ ಭಾಗಗಳನ್ನು ಹೆಕ್ಕಿ ಒಂದು ಸಂಕಲನ ಮಾಡಿ, ಸರ್ಕಾರದ ವಕೀಲರಿಗೆ ಕಳಿಸಿದ. ಜೋಲಾನನ್ನು ತಡೆದರೆ ಇವರನ್ನೆಲ್ಲ ತಡೆಯಬೇಕಾಗುತ್ತದೆ ಎಂಬುದು ವಾದ. ತರ್ಕ ಸರಿಯಾಗಿತ್ತು, ಕೋರ್ಟಿನಲ್ಲಿ ಉಪಯೋಗಕ್ಕೆ ಬರಲಿಲ್ಲ. ಈ ಸಂಕಲನ ಓದುಗರ ನೆನಪಿನಲ್ಲಿರಲಿ; ಇದೇ ವಾದ ಇಪ್ಪತ್ತೆರಡು ವರ್ಷಗಳ ನಂತರ ಮದ್ರಾಸಿನಲ್ಲಿ ಒಬ್ಬ ಹೆಂಗಸಿನ ಬಾಯಲ್ಲಿ ಬರುತ್ತದೆ.

ಸರ್ಕಾರದ ಪರ ಕಿರಿಯ ವಕೀಲನಾಗಿದ್ದವನು ಹರ್ಬರ್ಟ್ ಆಸ್ಕ್ವಿತ್. ಜೋಲಾನ ಪುಸ್ತಕಗಳ ರಾಶಿ ಮುಂದಿಟ್ಟುಕೊಂಡು, ಕತ್ತರಿ, ಗೋಂದು ಹಿಡಿದು, ಯಾವುದು ಅತಿ ಹೊಲಸು ಎಂದು ಹುಡುಕಿ ಹುಡುಕಿ ಅಂಟಿಸಿ ಸುಮಾರು ಎರಡು ವಾರ ಕಳೆದೆ ಎಂದು ಆತ ಮುಂದೆ ನೆನಪಿಸಿಕೊಂಡ. ಇಡೀ ಲಂಡನ್ನಿನಲ್ಲಿ ಜೋಲಾನ ‘ಆ’ ಪುಟಗಳನ್ನು ಅಷ್ಟು ಶ್ರದ್ಧೆಯಿಂದ ಓದಿದವರು ಬೇರೆ ಇರಲಾರರು. ಆಸ್ಕ್ವಿತ್ ಕೆಟ್ಟನೇ? 1908ರಲ್ಲಿ ಬ್ರಿಟನ್ನಿನ ಪ್ರಧಾನಿಯಾದ.

ದಂಡ ಕಟ್ಟಿದ ಮೇಲೆ ವಿಜೆಟೆಲಿ ತನ್ನ ಮಗ ಎರ್ನೆಸ್ಟ್ ಕೈಯಲ್ಲಿ ಪುಸ್ತಕಗಳನ್ನು ಸೋಸಿಸಿ, ಆಕ್ಷೇಪಕ್ಕೆ ಗುರಿಯಾಗಬಹುದಾದ ಪುಟಗಳನ್ನು ತೆಗೆಸಿ ಮತ್ತೆ ಮಾರುಕಟ್ಟೆಗೆ ಬಿಟ್ಟ. ಸೋಸಿದ್ದೂ ಸಾಲಲಿಲ್ಲ. 1889ರ ಮೇ ತಿಂಗಳಲ್ಲಿ ಮತ್ತೆ ಕಟಕಟೆ. ಈ ಸಲ ಜೋಲಾನ ಜತೆಗೆ ಬೇರೆ ಫ್ರೆಂಚ್ ಲೇಖಕರೂ ಆರೋಪಪಟ್ಟಿಯಲ್ಲಿದ್ದರು. ಮೂರು ತಿಂಗಳ ಸಜೆ. ಕಾಯಿಲೆಯ ಮುದುಕ ಹಾಲೋವೇ ಜೈಲಿಗೆ ಹೋದ, ಪ್ರಕಾಶನ ಮುಳುಗಿತು. ಲೇಖಕರು ಕೂಡಿ ಬಿಡುಗಡೆಗೆ ಮನವಿ ಬರೆದರು, ಫಲ ಸಿಗಲಿಲ್ಲ. 1893ರಲ್ಲಿ ಪತ್ರಕರ್ತರ ಸಂಘದ ಅತಿಥಿಯಾಗಿ ಸ್ವತಃ ಜೋಲಾ ಲಂಡನ್ನಿಗೆ ಬಂದಾಗ ಊರೇ ಸತ್ಕಾರ ಮಾಡಿತು, ಔತಣ, ಭಾಷಣ, ಚಪ್ಪಾಳೆ. ಬರೆದವನಿಗೆ ಹಾರ ಬಿದ್ದ ಸುಮಾರು ಮೂರು ತಿಂಗಳಿಗೆ, 1894ರ ಜನವರಿ 1ರಂದು, ಅಚ್ಚು ಹಾಕಿದವನು ತೀರಿಕೊಂಡ.

ಇನ್ನೂ ಒಂದು ತಮಾಷೆ ಉಂಟು. ವಿಜೆಟೆಲಿ ಸತ್ತ ವರ್ಷವೇ ಲುಟೀಷಿಯನ್ ಸೊಸೈಟಿ ಎಂಬ ಹೆಸರಿನಲ್ಲಿ ಜೋಲಾನ ಆರು ಕಾದಂಬರಿಗಳ ಇಂಗ್ಲಿಷ್ ಅನುವಾದ ಹೊರಬರತೊಡಗಿತು. ಒಂದು ಸಾಲೂ ಬಿಡದ ಅನುವಾದ. ‘ಲಾ ತೇರ್’ ಕೂಡ ಅದರಲ್ಲಿತ್ತು, ಅನುವಾದಿಸಿದವನು ಕವಿ ಅರ್ನೆಸ್ಟ್ ಡೌಸನ್. ಖಾಸಗಿ ಮುದ್ರಣ, ಕೆಲವೇ ನೂರು ಪ್ರತಿ, ದುಬಾರಿ ಬೆಲೆ, ಚಂದಾದಾರರಿಗೆ ಮಾತ್ರ. ಯಾರೂ ಕೇಸು ಹಾಕಲಿಲ್ಲ. ಅಂದರೆ ಇಂಗ್ಲಿಷ್ ಭಾಷೆಯ ಮೇಲೂ ಆಕ್ಷೇಪವಿರಲಿಲ್ಲ ಎಂದಾಯಿತು. ಆಕ್ಷೇಪವಿದ್ದದ್ದು ಬೆಲೆಯ ಮೇಲೆ.

ಮದ್ರಾಸಿನ ಕನ್ನಡತಿ

ಇತ್ತ ನಮ್ಮಲ್ಲಿ ಕಂಪನಿ ಸರ್ಕಾರ ಇಂಗ್ಲೆಂಡಿಗಿಂತ ಒಂದು ವರ್ಷ ಮುಂಚೆಯೇ, 1856ರಲ್ಲಿ, ಅಶ್ಲೀಲ ಪುಸ್ತಕ–ಚಿತ್ರಗಳ ಮಾರಾಟದ ವಿರುದ್ಧ ಕಾಯ್ದೆ ಮಾಡಿತ್ತು. 1860ರ ದಂಡ ಸಂಹಿತೆಯಲ್ಲಿ ಅದು 292ನೇ ಕಲಮಾಯಿತು. ದೇವಸ್ಥಾನದ ಗೋಡೆಯ ಮೇಲಿನ ಶಿಲ್ಪಕ್ಕೆ, ರಥದ ಮೇಲಿನ ಕೆತ್ತನೆಗೆ ವಿನಾಯಿತಿ ಕೊಟ್ಟರು. ಕಲ್ಲಿಗೆ ಸಿಕ್ಕ ವಿನಾಯಿತಿ ಕಾವ್ಯಕ್ಕೆ ಸಿಗಲಿಲ್ಲ.

ಬೆಂಗಳೂರು ನಾಗರತ್ನಮ್ಮನವರು ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ, ದೇವದಾಸಿ ಪುಟ್ಟಲಕ್ಷ್ಮಮ್ಮನವರ ಮಗಳಾಗಿ. ಮೈಸೂರಿನಲ್ಲಿ ಸಂಸ್ಕೃತ ಓದಿದರು, ಬೆಂಗಳೂರಿನಲ್ಲಿ ಸಂಗೀತ ಕಲಿತು ಹೆಸರು ಮಾಡಿದರು, ಆಮೇಲೆ ಮದ್ರಾಸಿಗೆ ಹೋಗಿ ನೆಲೆಸಿದರು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಯ ಮೇಲೆ ಗುಡಿ ಕಟ್ಟಿಸಿದವರೆಂದು ಸಂಗೀತ ಬಲ್ಲವರೆಲ್ಲ ಅವರನ್ನು ನೆನೆಯುತ್ತಾರೆ. ನಮ್ಮ ಮುಳಬಾಗಿಲಿನ ಡಿ.ವಿ.ಜಿ.ಯವರು ‘ಜ್ಞಾಪಕ ಚಿತ್ರಶಾಲೆ’ಯ ಕಲೋಪಾಸಕರ ಸಂಪುಟದಲ್ಲಿ ಅವರ ಚಿತ್ರವನ್ನು ಗೌರವದಿಂದ ಬಿಡಿಸಿದ್ದಾ‍ರೆ. ಸಂಗೀತದ ಕೀರ್ತಿ ಹೆಚ್ಚಾಗಿ, ನಾಗರತ್ನಮ್ಮ ಸಂಪಾದಕಿ ಎಂಬುದು ಮರೆತುಹೋಗಿದೆ.

ಹದಿನೆಂಟನೇ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ತೆಲುಗಿನಲ್ಲಿ ‘ರಾಧಿಕಾ ಸಾಂತ್ವನಮು’ ಎಂಬ ಶೃಂಗಾರಕಾವ್ಯ ಬರೆದಳು, 584 ಪದ್ಯಗಳು. ತಾನೇ ಸಾಕಿ ಬೆಳೆಸಿದ ಇಳೆಯನ್ನು ಕೃಷ್ಣನಿಗೆ ಮದುವೆ ಮಾಡಿಕೊಟ್ಟು, ಆಮೇಲೆ ಹೊಟ್ಟೆಕಿಚ್ಚಿನಲ್ಲಿ ಬೇಯುವ ರಾಧೆ, ಅವಳನ್ನು ಒಲಿಸಿಕೊಳ್ಳಲು ಬರುವ ಕೃಷ್ಣ. ಶೃಂಗಾರ ನಮ್ಮ ಕಾವ್ಯಗಳಿಗೆ ಹೊಸದಲ್ಲ. ಹದಿನೆಂಟು ವರ್ಣನೆಗಳ ಪಟ್ಟಿಯಲ್ಲೇ ಜಲಕ್ರೀಡೆ, ಮಧುಪಾನ, ಸುರತ ಎಲ್ಲವೂ ಇವೆ. ಇಲ್ಲಿ ಹೊಸದೆಂದರೆ ಆಸೆಪಡುವವಳು, ಮುಂದೊತ್ತುವವಳು ಹೆಣ್ಣು, ಬರೆದವಳೂ ಹೆಣ್ಣು. ತೆಲುಗು ವಿದ್ವಾಂಸ ಸಿ.ಪಿ. ಬ್ರೌನ್ ಜತೆ ಕೆಲಸ ಮಾಡಿದ್ದ ಪೈಡಿಪಾಟಿ ವೆಂಕಟನರಸು 1887ರಲ್ಲಿ ಇದನ್ನು ಅಚ್ಚು ಹಾಕಿಸಿದಾಗ, ಮುದ್ದುಪಳನಿ ತನ್ನ ಮನೆತನದ ಹೆಂಗಸರ ಹೆಸರು ಹೇಳಿ ಪರಿಚಯ ಮಾಡಿಕೊಂಡ ಪೀಠಿಕೆ ಬಿಟ್ಟುಹೋಯಿತು, ಕೆಲವು ಪದ್ಯಗಳೂ ಹೋದವು. ಕಾವ್ಯಕ್ಕಿಂತ ಮೊದಲು ಕತ್ತರಿ ಬಿದ್ದದ್ದು ಕವಿಯ ವಿಳಾಸದ ಮೇಲೆ!

ತೆಲುಗು ಸಾಹಿತ್ಯದ ದೊಡ್ಡ ಸುಧಾರಕ ಕಂದುಕೂರಿ ವೀರೇಶಲಿಂಗಂ ಅವರು ತಮ್ಮ ಕವಿಚರಿತ್ರೆಯಲ್ಲಿ ಮುದ್ದುಪಳನಿಯನ್ನು ಹೀನಾಯವಾಗಿ ಬೈದಿದ್ದರು. ಹೆಣ್ಣು ಬಾಯಲ್ಲಿ ಆಡಬಾರದ, ಕಿವಿಯಲ್ಲಿ ಕೇಳಬಾರದ ಕಾವ್ಯ ಎಂಬ ಧಾಟಿ. ವಿಧವಾ ವಿವಾಹಕ್ಕಾಗಿ ಜೀವ ತೇದ ಮನುಷ್ಯ ಇವರೇ. ಸೂಳೆಯರ ಕುಣಿತವನ್ನು ನಿಲ್ಲಿಸಬೇಕೆಂದು 1890ರ ದಶಕದಲ್ಲಿ ಮದ್ರಾಸಿನಲ್ಲಿ ಎದ್ದ ಚಳವಳಿಯಲ್ಲೂ ಮುಂದಾಳು. ಲಂಡನ್ನಿನ ನೀತಿಕಾವಲು ಸಂಘಗಳ ಮಾತು, ಮಿಷನರಿಗಳ ಮಾತು, ನಮ್ಮ ಸುಧಾರಕರ ಮಾತು ಆ ಕಾಲದಲ್ಲಿ ಒಂದೇ ಶ್ರುತಿಗೆ ಬಂದಿದ್ದವು.

ನಾಗರತ್ನಮ್ಮ ಕಾವ್ಯದ ಹಸ್ತಪ್ರತಿಯನ್ನು ಹುಡುಕಿಸಿ, ಅಚ್ಚಿನ ಪ್ರತಿಯ ಜತೆ ಹೋಲಿಸಿ ನೋಡಿ, ಬಿಟ್ಟದ್ದನ್ನೆಲ್ಲ ಸೇರಿಸಿ, 1910ರಲ್ಲಿ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಮೂಲಕ ಪೂರ್ತಿ ಕಾವ್ಯ ಪ್ರಕಟಿಸಿದರು. ಮುನ್ನುಡಿಯಲ್ಲಿ ವೀರೇಶಲಿಂಗಂ ಅವರಿಗೆ ನೇರವಾಗಿ ಉತ್ತರ ಕೊಟ್ಟರು. ನಾಚಿಕೆ, ಮರ್ಯಾದೆ ಎಂಬುವು ಹೆಂಗಸಿಗೆ ಮಾತ್ರವೇ, ಗಂಡಸಿಗಿಲ್ಲವೇ ಎಂದು ಕೇಳಿದರು. ಇದಕ್ಕಿಂತ ಮುಂದೆ ಹೋದ ಗಂಡುಕವಿಗಳಿದ್ದಾರೆ, ಅಂಥದೇ ವರ್ಣನೆಯುಳ್ಳ ‘ವೈಜಯಂತೀ ವಿಲಾಸ’ವನ್ನು ನೀವೇ ಒಪ್ಪಿದ್ದೀರಲ್ಲ ಎಂದು ತೋರಿಸಿದರು. ವಿಜೆಟೆಲಿ ಸಂಕಲನ ಮಾಡಿ ಹೇಳಿದ ವಾದವನ್ನು, ಅವನ ಹೆಸರೂ ಬೇಕಿಲ್ಲದೆ, ಈಕೆ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದರು. ಜಾಸ್ತಿಯಾಗಿ ಒಂದು ಪ್ರಶ್ನೆಯನ್ನೂ ಸೇರಿಸಿದರು, ಹೆಣ್ಣಿನ ಪ್ರಶ್ನೆಯನ್ನು. ವಿಜೆಟೆಲಿಗೆ ಅದು ಹೊಳೆಯುವಂತಿರಲಿಲ್ಲ.

ದೂರು ಹೋಯಿತು. 1911ರಲ್ಲಿ ಪೊಲೀಸರು ಪ್ರತಿಗಳನ್ನು ಹಿಡಿದರು. ಈಗ ಸರ್ಕಾರಕ್ಕೊಂದು ತೊಡಕು: ತೀರ್ಮಾನ ಮಾಡಬೇಕಾದ ದೊರೆಗಳಿಗೆ ತೆಲುಗು ಬಾರದು. ಸರ್ಕಾರದ ಭಾಷಾಂತರಕಾರ ಗೋಟೇಟಿ ಕನಕರಾಜು ಪಂತುಲು ತಮಗೆ ಆಕ್ಷೇಪಾರ್ಹ ಎನಿಸಿದ ಪದ್ಯಗಳನ್ನಷ್ಟೇ ಆರಿಸಿ ಇಂಗ್ಲಿಷಿಗೆ ಮಾಡಿಕೊಟ್ಟರು. 584 ಪದ್ಯಗಳ ಕಾವ್ಯ ಸರ್ಕಾರದ ಮೇಜಿಗೆ ಬಂದದ್ದು ಆ ರೂಪದಲ್ಲಿ. ಆಸ್ಕ್ವಿತ್ ಕತ್ತರಿ ಹಿಡಿದು ಮಾಡಿದ ಕೆಲಸವನ್ನೇ ಪಂತುಲು ಅನುವಾದದಿಂದ ಮಾಡಿದರು. ರಾಗ, ಪದಚಮತ್ಕಾರ, ಕತೆ, ರಾಧೆಯ ಸಂಕಟ ಎಲ್ಲ ಕಳಚಿ ಬಿದ್ದು ಮೈ ಮಾತ್ರ ಉಳಿಯಿತು. ಅದನ್ನು ಓದಿ, ‘ನೋಡಿ, ಎಷ್ಟು ಅಸಭ್ಯ’ ಎಂದರು. ಅಂದಹಾಗೆ, ಆಗ ಬ್ರಿಟನ್ನಿನ ಪ್ರಧಾನಿ ಯಾರು? ಅದೇ ಆಸ್ಕ್ವಿತ್.

ಲಂಡನ್ನಿನಲ್ಲಿ ಅನುವಾದವೇ ಅಪರಾಧ, ಮದ್ರಾಸಿನಲ್ಲಿ ಅನುವಾದವೇ ಸಾಕ್ಷಿ. ಎರಡು ಕಡೆಯೂ ಸಿಕ್ಕಿಬಿದ್ದದ್ದು ಸಾಮಾನ್ಯರು ಓದಬಲ್ಲ ಭಾಷೆಯ ಪುಸ್ತಕ. ಇಂಗ್ಲಿಷ್ ಸಾಹೇಬರು ಖಾಸಗಿ ಸಂಘ ಕಟ್ಟಿಕೊಂಡು 1883ರಷ್ಟು ಹಿಂದೆಯೇ ‘ಕಾಮಸೂತ್ರ’ವನ್ನು ತರ್ಜುಮೆ ಮಾಡಿಸಿ, ಸದಸ್ಯರಿಗೆ ಮಾತ್ರ ಎಂದು ಹಂಚಿಕೊಂಡು ಓದಿದ್ದರು. ದೊರೆ ಓದಿದರೆ ಅದು ಜ್ಞಾನ, ಮದ್ರಾಸಿನ ಗುಮಾಸ್ತ ಓದಿದರೆ ಅದು ಚಟ.

ಪಂಡಿತರು ಸಭೆ ಸೇರಿದರು, ಮನವಿ ಕೊಟ್ಟರು. ಇದನ್ನು ನಿಷೇಧಿಸಿದರೆ ನಮ್ಮ ಕಾವ್ಯಗಳೆಲ್ಲ ನಿಷೇಧವಾಗಬೇಕಾದೀತು ಎಂದರು. ಸರ್ಕಾರ ಕೇಳಲಿಲ್ಲ. ನಿಷೇಧ ಹೋದದ್ದು ಮದ್ರಾಸ್ ಸರ್ಕಾರದ ಮುಖ್ಯಸ್ಥರಾಗಿದ್ದ ಟಂಗುಟೂರಿ ಪ್ರಕಾಶಂ ಅವರ ಕಾಲದಲ್ಲಿ, 1947ಕ್ಕೆ. ವಾವಿಳ್ಳದವರು ಮತ್ತೆ ಪುಸ್ತಕ ತಂದದ್ದು 1952ರಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ನಾಗರತ್ನಮ್ಮ ತೀರಿಕೊಂಡರು.

ಕೋಲಾರದವರ ‘ನಗ್ನಸತ್ಯ’

ನಾಗರತ್ನಮ್ಮ ಹೋದ ಆ ವರ್ಷಗಳಲ್ಲೇ ಕನ್ನಡದಲ್ಲೂ ಒಂದು ರಂಪ ನಡೆದಿತ್ತು. ಅದರ ನಡುವೆ ನಿಂತವರು ಕೋಲಾರದಲ್ಲಿ ಹುಟ್ಟಿದವರು, ಅ.ನ. ಕೃಷ್ಣರಾಯರು. ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಎಂಬ ಮೂರು ಕಾದಂಬರಿಗಳಲ್ಲಿ ಅವರು ವೇಶ್ಯಾವೃತ್ತಿಯನ್ನು, ಅದರ ಹಿಂದಿನ ಬಡತನ, ದಲ್ಲಾಳಿತನ, ಕಾಯಿಲೆಗಳನ್ನು ತೆರೆದಿಟ್ಟರು. ಅಶ್ಲೀಲ ಎಂಬ ಕೂಗೆದ್ದಿತು. ಅನಕೃ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಸಂಸ್ಕೃತ, ಕನ್ನಡ, ಪಶ್ಚಿಮದ ಸಾಹಿತ್ಯ ಎಲ್ಲದರಿಂದಲೂ ಸಾಕ್ಷಿ ಎತ್ತಿದರು. ಮತ್ತೆ ಅದೇ ವಾದ, ಮೂರನೇ ಊರಿನಲ್ಲಿ.

ನನ್ನ ಮಟ್ಟಿಗೆ ಹೇಳುವುದಾದರೆ, ಆ ಮೂರು ಕಾದಂಬರಿಗಳು ಅನಕೃ ಅವರ ಒಳ್ಳೆಯ ಕೃತಿಗಳಲ್ಲ. ಅವರ ಕೈ ಪಳಗಿದ್ದು ಸಂಗೀತಗಾರರ, ಕಲಾವಿದರ ಕತೆಯಲ್ಲಿ. ವೇಶ್ಯೆಯರ ಕತೆಯಲ್ಲಿ ಭಾಷಣ ಜಾಸ್ತಿ. ಜೋಲಾನ ‘ನಾನಾ’ದ ಪಕ್ಕಕ್ಕಿಟ್ಟರೆ ತೂಕ ಗೊತ್ತಾಗುತ್ತದೆ. ಆದರೆ ಪುಸ್ತಕ ಚೆನ್ನಾಗಿದೆಯೇ ಎಂಬ ಚರ್ಚೆಗೆ ಆಗ ಅವಕಾಶವೇ ಸಿಗಲಿಲ್ಲ. ಅಶ್ಲೀಲವೇ ಅಲ್ಲವೇ ಎಂಬ ಗದ್ದಲ ವಿಮರ್ಶೆಯ ಜಾಗವನ್ನೂ ತಿಂದುಹಾಕಿತು. ಸೆನ್ಸಾರ್‌ನಿಂದ ಆಗುವ ಈ ನಷ್ಟವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ‘ಲಾ ತೇರ್’ ಬಗ್ಗೆಯೂ ಹಾಗೆಯೇ. ಅದು ರೈತನ ಬದುಕಿಗೆ ನ್ಯಾಯ ಒದಗಿಸಿದೆಯೇ, ಹಳ್ಳಿಯವರನ್ನು ಬರೀ ಮೃಗಗಳ ಹಾಗೆ ಕಂಡಿದೆಯೇ ಎಂದು ಕೇಳಬೇಕಿತ್ತು. ನನಗಂತೂ ಎರಡನೆಯ ಅನುಮಾನ ಪೂರ್ತಿ ಹೋಗಿಲ್ಲ. ಪಲ್ಲಂಗದ ಮೇಲೇನಾಯಿತು ಎಂಬುದನ್ನಷ್ಟೇ ಹುಡುಕುವವರಿಗೆ ಗದ್ದೆಯಲ್ಲೇನಾಯಿತು ಎಂದು ಕೇಳಲು ಪುರಸೊತ್ತೆಲ್ಲಿ?

ಹಿಕ್ಲಿನ್ ಅಳತೆಗೋಲನ್ನು ಇಂಗ್ಲೆಂಡ್ 1959ರಲ್ಲಿ ಹೊಸ ಕಾಯ್ದೆ ತಂದು ಬದಲಿಸಿತು. ನಾವು ಬಿಡಲಿಲ್ಲ. ಮುಂಬಯಿಯ ಪುಸ್ತಕದಂಗಡಿಯೊಂದರಲ್ಲಿ ‘ಲೇಡಿ ಚಾಟರ್ಲೀಸ್ ಲವರ್’ ಮಾರಿದ ರಣಜಿತ್ ಉದೇಶಿ ಪ್ರಕರಣದಲ್ಲಿ, 1964ರಲ್ಲಿ, ನಮ್ಮ ಸುಪ್ರೀಂ ಕೋರ್ಟು ಅದೇ ಅಳತೆಗೋಲಿಗೆ ಒತ್ತುಕೊಟ್ಟು ಶಿಕ್ಷೆಯನ್ನು ಎತ್ತಿಹಿಡಿಯಿತು. ಅದನ್ನು ಕೈಬಿಟ್ಟದ್ದು 2014ರಲ್ಲಿ, ಅವೀಕ್ ಸರ್ಕಾರ್ ಪ್ರಕರಣದಲ್ಲಿ. ದಂಡ ಸಂಹಿತೆಯ 292 ಈಗ ನ್ಯಾಯ ಸಂಹಿತೆಯ 294 ಆಗಿದೆ. ಸಾಹಿತ್ಯಕ್ಕೆ, ಕಲೆಗೆ ವಿನಾಯಿತಿಯ ಮಾತು ಅದರಲ್ಲಿದೆ. ಕೋರ್ಟಿಗೆ ಹೋಗುವ ಮುಂಚೆಯೇ ಮುಗಿಸಿಬಿಡುವ ಮ್ಯೂಡಿಯ ವಿಧಾನ ಮಾತ್ರ ಯಾವ ಸಂಹಿತೆಗೂ ಸಿಕ್ಕುವುದಿಲ್ಲ. ಅಚ್ಚಿನ ಮನೆಗೆ ಹೋಗುವ ಮುಂಚೆ, ಪಠ್ಯಪುಸ್ತಕ ಸಮಿತಿಗೆ ಹೋಗುವ ಮುಂಚೆ, ಲೇಖಕನ ಕೈಯಲ್ಲೇ ಅದು ಕೆಲಸ ಮುಗಿಸಿರುತ್ತದೆ.

ಇಷ್ಟೆಲ್ಲ ಆಗಿ, ‘ರಾಧಿಕಾ ಸಾಂತ್ವನ’ ಇವತ್ತು ಹೇಗೆ ಸಿಗುತ್ತದೆ? 2011ರಲ್ಲಿ ಪೆಂಗ್ವಿನ್ ಇಂಗ್ಲಿಷ್ ಅನುವಾದ ತಂದಿದೆ. ಯಾವ ಭಾಷೆಗೆ ತಂದು ಅದನ್ನು ತಪ್ಪಿತಸ್ಥ ಎಂದರೋ ಆ ಭಾಷೆಯಲ್ಲಿ ಈಗ ರಾಜಾರೋಷವಾಗಿ ಮಾರಾಟ. ನಂಗಲಿ, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಓದುಗರ ಪಾಡು ಬೇರೆ. ಅವರಿಗೆ ಕಿವಿಯಲ್ಲಿ ತೆಲುಗು ಉಂಟು, ಕಣ್ಣಿಗೆ ಕನ್ನಡ ಅಕ್ಷರವೇ ಬೇಕು. ತ್ಯಾಗರಾಜರ ಕೃತಿಗಳನ್ನು, ತಾತಯ್ಯನವರ ತೆಲುಗು ತತ್ತ್ವಗಳನ್ನು ನಾವು ಹಾಗೇ ಓದುತ್ತೇವೆ, ತೆಲುಗು ಮಾತು, ಕನ್ನಡ ಲಿಪಿ. ಮುದ್ದುಪಳನಿಯನ್ನೂ ಹಾಗೆ ಅಚ್ಚು ಹಾಕಿದರೆ ಇಲ್ಲಿ ಅನುವಾದದ ಗೊಡವೆಯೇ ಇರುವುದಿಲ್ಲ, ಅಡಿಯಲ್ಲಿ ಕಷ್ಟದ ಪದಗಳಿಗೆ ಕನ್ನಡ ಅರ್ಥ ಕೊಟ್ಟರೆ ಸಾಕು. ಮುನ್ನುಡಿಗೆ ಬೇರೆಯವರನ್ನು ಹುಡುಕಬೇಕಾಗಿಲ್ಲ. ನಂಜನಗೂಡಿನ ಮಗಳು 1910ರಲ್ಲಿ ಬರೆದದ್ದನ್ನೇ ಹಾಕಬಹುದು. ಬೆಲೆ ಮಾತ್ರ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ನಿಂತವರು ಕೊಳ್ಳುವಷ್ಟಿರಬೇಕು.